ಮೊರೆ ಮತ್ತು ಹಕ್ಕು: ಇಸ್ಲಾಮಿನಲ್ಲಿ ಸ್ತ್ರೀಯ ಸ್ಥಾನಮಾನ ಹಾಗೂ ಕನ್ನಡದ ಮುಸ್ಲಿಂ ಲೇಖಕಿಯರ ಕಥನ

1. ಪ್ರಸ್ತಾವನೆ

ಇಸ್ಲಾಮಿನಲ್ಲಿ ಸ್ತ್ರೀಯ ಸ್ಥಾನಮಾನವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಡೆಯುತ್ತ ಬಂದಿವೆ. ಧರ್ಮಗ್ರಂಥವು ಸ್ತ್ರೀಗೆ ಸಕಲ ಹಕ್ಕುಗಳನ್ನೂ ನೀಡಿದೆ, ದೋಷವಿರುವುದು ಆಚರಣೆಯಲ್ಲಿ ಮಾತ್ರ ಎನ್ನುವುದು ಮೊದಲನೆಯದು. ಇದು ಸಮರ್ಥನೆಯ ನೆಲೆ. ಆಚರಣೆಯಲ್ಲಿರುವ ಅಸಮಾನತೆಗೆ ಧರ್ಮಗ್ರಂಥವೇ ಮೂಲ, ಆದುದರಿಂದ ಧರ್ಮದ ಚೌಕಟ್ಟಿನೊಳಗೆ ಬಿಡುಗಡೆ ಅಸಾಧ್ಯ ಎನ್ನುವುದು ಎರಡನೆಯದು. ಇದು ನಿರಾಕರಣೆಯ ನೆಲೆ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡೂ ನಿಲುವುಗಳಲ್ಲಿ ಒಂದು ಸಾಮ್ಯವಿದೆ. ಎರಡರಲ್ಲಿಯೂ ಹಕ್ಕನ್ನು ಕೇಳುವ ಹೆಣ್ಣು ಇರುವುದಿಲ್ಲ. ಮೊದಲನೆಯದರಲ್ಲಿ ಆಕೆ ಹಕ್ಕುಗಳನ್ನು ಪಡೆದವಳು. ಎರಡನೆಯದರಲ್ಲಿ ಹಕ್ಕುಗಳಿಂದ ವಂಚಿತಳಾದವಳು. ತನ್ನ ಪರವಾಗಿ ತಾನೇ ವಾದಿಸುವ ಕರ್ತೃವಾಗಿ ಆಕೆ ಎರಡರಲ್ಲಿಯೂ ಗೋಚರಿಸುವುದಿಲ್ಲ.

ಈ ಕೊರತೆಯನ್ನು ಕನ್ನಡದಲ್ಲಿ ತುಂಬಿದ್ದು ವೈಚಾರಿಕ ಲೇಖನಗಳಿಗಿಂತ ಹೆಚ್ಚಾಗಿ ಕಥನ ಸಾಹಿತ್ಯ. ಸಾರಾ ಅಬೂಬಕ್ಕರ್ (1936-2023) ಮತ್ತು ಬಾನು ಮುಷ್ತಾಕ್ (ಜನನ 1948) ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಮೊರೆಯಿಡುವ ಹೆಣ್ಣು. ಆಕೆ ತಂದೆಯ ಮುಂದೆ, ಅಣ್ಣತಮ್ಮಂದಿರ ಮುಂದೆ, ಮುತವಲ್ಲಿಯ ಮುಂದೆ, ಕೊನೆಗೆ ದೇವರ ಮುಂದೆಯೂ ನಿಂತು ಕೇಳುತ್ತಾಳೆ. ಕುರಾನಿನ ಪಠ್ಯ, ಫಿಕ್ಹ್ ಅಥವಾ ಧರ್ಮಶಾಸ್ತ್ರದ ಪರಂಪರೆ, ಭಾರತದ ಕಾನೂನು ಎಂಬ ಮೂರು ನೆಲೆಗಳಲ್ಲಿ ಸ್ತ್ರೀಯ ಹಕ್ಕುಗಳ ಸ್ವರೂಪವನ್ನು ಗುರುತಿಸಿ, ಆ ಹಿನ್ನೆಲೆಯಲ್ಲಿ ಮೇಲಿನ ಲೇಖಕಿಯರ ಆಯ್ದ ಕೃತಿಗಳನ್ನು ಓದುವುದು ಪ್ರಸ್ತುತ ಲೇಖನದ ಉದ್ದೇಶ. ಹಕ್ಕು ಇದೆಯೋ ಇಲ್ಲವೋ ಎಂಬುದಷ್ಟೇ ಇಲ್ಲಿನ ಪ್ರಶ್ನೆಯಲ್ಲ. ಹಕ್ಕನ್ನು ಕೇಳಿದಾಗ ಆಲಿಸಬೇಕಾದವರು ಯಾರು, ಅವರು ಆಲಿಸಿದರೇ ಎಂಬುದು ಮುಖ್ಯ ಪ್ರಶ್ನೆ.

2. ವಾದಿಸಿದ ಹೆಣ್ಣು: ಒಂದು ಮೂಲ ಪ್ರಸಂಗ

ಕುರಾನಿನ 58ನೆಯ ಅಧ್ಯಾಯದ ಹೆಸರು 'ಅಲ್ ಮುಜಾದಿಲ'. ವಾದಿಸುವ ಹೆಣ್ಣು ಎಂಬುದು ಇದರ ಅರ್ಥ. ಪರಂಪರೆಯು ಈ ಹೆಣ್ಣನ್ನು ಖೌಲಾ ಬಿಂತ್ ಸಅಲಬಾ ಎಂದು ಗುರುತಿಸುತ್ತದೆ. ಇಸ್ಲಾಮ್‌ಪೂರ್ವ ಅರೇಬಿಯಾದಲ್ಲಿ 'ಝಿಹಾರ್' ಎಂಬ ಪದ್ಧತಿಯಿತ್ತು. ಪತಿಯು ಪತ್ನಿಯನ್ನು ತನ್ನ ತಾಯಿಯ ಬೆನ್ನಿಗೆ ಹೋಲಿಸಿ ಒಂದು ಮಾತನ್ನಾಡಿದರೆ ದಾಂಪತ್ಯ ಮುಗಿಯುತ್ತಿತ್ತು. ಆದರೆ ಹೆಣ್ಣು ಬಿಡುಗಡೆಯಾಗುತ್ತಿರಲಿಲ್ಲ. ಆಕೆ ಇತ್ತ ಪತ್ನಿಯೂ ಅಲ್ಲ, ಅತ್ತ ಮರುಮದುವೆಗೆ ಸ್ವತಂತ್ರಳೂ ಅಲ್ಲ. ಪತಿಯಿಂದ ಇಂತಹ ಮಾತಿಗೆ ಗುರಿಯಾದ ಖೌಲಾ ಪ್ರವಾದಿಯವರ ಬಳಿಗೆ ಬಂದು ದೂರುತ್ತಾಳೆ. ಮೊದಲಿಗೆ ಅನುಕೂಲಕರವಾದ ಉತ್ತರ ದೊರೆಯದಿದ್ದರೂ ಆಕೆ ಸುಮ್ಮನಾಗುವುದಿಲ್ಲ, ದೇವರಲ್ಲಿಯೇ ಮೊರೆಯಿಡುತ್ತಾಳೆ. ಆಕೆಯ ವಾದವನ್ನು ದೇವರು ಆಲಿಸಿದ್ದಾನೆ ಎಂಬ ಘೋಷಣೆಯೊಂದಿಗೆ ಅಧ್ಯಾಯ ಆರಂಭವಾಗುತ್ತದೆ. ಮುಂದಿನ ಸೂಕ್ತಗಳು ಝಿಹಾರ್ ಪದ್ಧತಿಯನ್ನು ಖಂಡಿಸಿ, ಹಾಗೆ ಹೇಳಿದ ಪುರುಷನಿಗೆ ಗುಲಾಮನೊಬ್ಬನ ಬಿಡುಗಡೆ, ಅದಾಗದಿದ್ದರೆ ಸತತ ಎರಡು ತಿಂಗಳ ಉಪವಾಸ, ಅದೂ ಆಗದಿದ್ದರೆ 60 ಮಂದಿ ಬಡವರಿಗೆ ಊಟ ಎಂಬ ಪ್ರಾಯಶ್ಚಿತ್ತವನ್ನು ವಿಧಿಸುತ್ತವೆ (58:1-4).

ಈ ಪ್ರಸಂಗದ ಮಹತ್ವ ಎರಡು ಬಗೆಯದು. ಮೊದಲನೆಯದಾಗಿ, ಇಲ್ಲಿ ವಿಧಿಯು ಹೆಣ್ಣಿನ ದೂರಿಗೆ ಉತ್ತರವಾಗಿ ಹುಟ್ಟುತ್ತದೆ. ಹಕ್ಕು ದಾನವಾಗಿ ಬರುವುದಿಲ್ಲ, ವಾದದ ಫಲವಾಗಿ ಬರುತ್ತದೆ. ಎರಡನೆಯದಾಗಿ, ಹೆಣ್ಣನ್ನು ಅತಂತ್ರ ಸ್ಥಿತಿಯಲ್ಲಿ ತೂಗಿಬಿಡುವುದೇ ಅನ್ಯಾಯವೆಂದು ಪಠ್ಯವು ಗುರುತಿಸುತ್ತದೆ. ಇದೇ ಕಲ್ಪನೆ 4ನೆಯ ಅಧ್ಯಾಯದ 129ನೆಯ ಸೂಕ್ತದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹಲವು ಪತ್ನಿಯರ ನಡುವೆ ಪೂರ್ಣ ನ್ಯಾಯ ಪಾಲಿಸುವುದು ಸಾಧ್ಯವಿಲ್ಲವೆಂದು ಹೇಳುವ ಆ ಸೂಕ್ತ, ಒಬ್ಬಳ ಕಡೆಗೇ ವಾಲಿ ಇನ್ನೊಬ್ಬಳನ್ನು ತೂಗುಬಿಟ್ಟವಳಂತೆ ಮಾಡಬಾರದೆಂದು ಎಚ್ಚರಿಸುತ್ತದೆ. ಈ 'ತೂಗುಬಿಟ್ಟ ಹೆಣ್ಣು' ಕನ್ನಡ ಕಥನದಲ್ಲಿ ಮರಳಿ ಬರುವುದನ್ನು ಮುಂದೆ ಗಮನಿಸಬಹುದು.

3. ಆಸ್ತಿ, ಮೆಹರ್ ಮತ್ತು ಪಾಲಿನ ತರ್ಕ

ಆರ್ಥಿಕ ಹಕ್ಕುಗಳ ವಿಚಾರದಲ್ಲಿ ಕುರಾನಿನ ವಿಧಿಗಳು ಸ್ಪಷ್ಟವಾಗಿವೆ. ತಂದೆತಾಯಿ ಹಾಗೂ ನಿಕಟ ಬಂಧುಗಳು ಬಿಟ್ಟುಹೋದ ಸ್ವತ್ತಿನಲ್ಲಿ ಪುರುಷರಿಗಿರುವಂತೆ ಸ್ತ್ರೀಯರಿಗೂ ನಿಗದಿತ ಪಾಲಿದೆ (4:7). ಮಗಳ ಪಾಲು ಮಗನ ಪಾಲಿನ ಅರ್ಧ (4:11). ಮೃತ ಪತಿಗೆ ಮಕ್ಕಳಿಲ್ಲದಿದ್ದರೆ ಪತ್ನಿಗೆ ನಾಲ್ಕನೆಯ ಒಂದು, ಮಕ್ಕಳಿದ್ದರೆ ಎಂಟನೆಯ ಒಂದು ಭಾಗ (4:12). ಸ್ತ್ರೀಯರನ್ನೇ ಆಸ್ತಿಯಂತೆ ಬಲವಂತವಾಗಿ ಉತ್ತರಾಧಿಕಾರಕ್ಕೆ ತೆಗೆದುಕೊಳ್ಳುವುದು ನಿಷಿದ್ಧ (4:19). ವಿವಾಹದಲ್ಲಿ ವರನು ವಧುವಿಗೆ ಮೆಹರ್ ನೀಡಬೇಕು. ಅದು ಆಕೆಯ ಸ್ವಂತ ಸ್ವತ್ತು (4:4). ವಿವಾಹದ ನಂತರವೂ ಪತ್ನಿಯ ಆಸ್ತಿಯ ಮೇಲೆ ಪತಿಗೆ ಒಡೆತನವಿಲ್ಲ. ಇಂಗ್ಲೆಂಡಿನ ವಿವಾಹಿತ ಸ್ತ್ರೀಗೆ ಸ್ವಂತ ಆಸ್ತಿಯ ಪೂರ್ಣ ಒಡೆತನ ದೊರೆತದ್ದು 1882ರ ಕಾಯಿದೆಯಿಂದ ಎಂಬುದನ್ನು ನೆನೆದರೆ ಏಳನೆಯ ಶತಮಾನದ ಈ ವಿಧಿಗಳ ಚಾರಿತ್ರಿಕ ಮಹತ್ವ ಅರಿವಾಗುತ್ತದೆ.

ಆದರೆ ಚಾರಿತ್ರಿಕ ಮಹತ್ವವನ್ನು ಒಪ್ಪುವುದು ಚರ್ಚೆಯನ್ನು ಮುಗಿಸುವುದಕ್ಕೆ ಸಾಲದು. ಮಗಳಿಗೆ ಅರ್ಧ ಪಾಲು ಏಕೆ ಎಂಬ ಪ್ರಶ್ನೆಗೆ ಪರಂಪರೆ ನೀಡುವ ಉತ್ತರ ಹೀಗಿದೆ: ಹೆಣ್ಣಿಗೆ ಮೆಹರ್ ದೊರೆಯುತ್ತದೆ, ಕುಟುಂಬದ ಪೋಷಣೆಯ ಹೊಣೆ ಪೂರ್ತಿಯಾಗಿ ಪುರುಷನದು, ಆದುದರಿಂದ ಅವನಿಗೆ ಹೆಚ್ಚಿನ ಪಾಲು. ಈ ತರ್ಕವನ್ನು ಒಪ್ಪಿದರೂ ಅದರೊಳಗೇ ಒಂದು ಷರತ್ತು ಅಡಗಿದೆ. ಮೆಹರ್ ನಾಮಮಾತ್ರವಾಗಿ, ಅದರ ಬದಲು ವಧುವಿನ ಮನೆಯಿಂದಲೇ ವರದಕ್ಷಿಣೆ ಹೊರಟು, ಪೋಷಿಸಬೇಕಾದವನು ಹೊಣೆಯಿಂದ ಜಾರಿಕೊಂಡರೆ ಅರ್ಧ ಪಾಲಿನ ನೈತಿಕ ಆಧಾರವೇ ಕುಸಿಯುತ್ತದೆ. ಅಸಮಾನ ಪಾಲು ಉಳಿಯುತ್ತದೆ. ಅದನ್ನು ಸರಿದೂಗಿಸುವ ಹೊಣೆ ಮಾತ್ರ ಮಾಯವಾಗುತ್ತದೆ.

ವಸಾಹತುಕಾಲದ ಕಾನೂನಿನಲ್ಲಿಯೂ ಇಂತಹ ಬಿರುಕುಗಳಿವೆ. ಸ್ಥಳೀಯ ರೂಢಿಗಳ ಬದಲಿಗೆ ಶರೀಅತ್ ನಿಯಮಗಳನ್ನು ಅನ್ವಯಿಸುವ 1937ರ ಕಾಯಿದೆಯು ಮಗಳ ಪಾಲನ್ನು ನಿರಾಕರಿಸುತ್ತಿದ್ದ ರೂಢಿಗಳಿಗೆ ತಡೆಯೊಡ್ಡಿತಾದರೂ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಮದರಾಸು ಪ್ರಾಂತ್ಯದಲ್ಲಿ ಈ ಕೊರತೆಯನ್ನು 1949ರ ತಿದ್ದುಪಡಿಯಿಂದ ಸರಿಪಡಿಸಲಾಯಿತು. ಆಸ್ತಿಯೆಂದರೆ ಮುಖ್ಯವಾಗಿ ಭೂಮಿಯೇ ಆಗಿದ್ದ ಸಮಾಜದಲ್ಲಿ ಭೂಮಿಯನ್ನು ಬಿಟ್ಟು ನೀಡಿದ ಹಕ್ಕು ಎಷ್ಟರದು ಎಂಬುದು ಯೋಚಿಸಬೇಕಾದ ಸಂಗತಿ.

4. ವಿಚ್ಛೇದನ: ಪಠ್ಯ, ಪಂಥ ಮತ್ತು ಕಾನೂನು

ವಿಚ್ಛೇದನವನ್ನು ಕುರಿತ ಕುರಾನಿನ ವಿಧಾನವು ನಿಧಾನಗತಿಯದು. ವಿರಸ ಮೂಡಿದಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥಗಾರ ಇರಬೇಕು (4:35). ತಲಾಖ್ ನೀಡಿದರೂ ಇದ್ದತ್ ಅವಧಿಯಲ್ಲಿ ಮರಳಿ ಕೂಡಲು ಅವಕಾಶವಿದೆ. ಹೀಗೆ ಎರಡು ಬಾರಿ. ಪತ್ನಿಯೂ ಪರಿಹಾರ ಕೊಟ್ಟು ಬಂಧನದಿಂದ ಬಿಡಿಸಿಕೊಳ್ಳಬಹುದು (2:229); ಇದನ್ನು ಖುಲಾ ಎನ್ನಲಾಗುತ್ತದೆ. ಮೂರನೆಯ ತಲಾಖಿನ ನಂತರ ಆಕೆ ಬೇರೊಬ್ಬನನ್ನು ವಿವಾಹವಾಗಿ, ಆ ವಿವಾಹವೂ ಮುರಿದರೆ ಮಾತ್ರ ಮೊದಲ ಪತಿಯೊಂದಿಗೆ ಮರುವಿವಾಹ ಸಾಧ್ಯ (2:230). ಪದೇ ಪದೇ ತಲಾಖ್ ಹೇಳಿ ಹೆಣ್ಣನ್ನು ಆಟದ ಗೊಂಬೆಯಾಗಿಸುವ ಪುರುಷನನ್ನು ನಿರ್ಬಂಧಿಸುವುದು ಈ ಕೊನೆಯ ನಿಯಮದ ಆಶಯವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮೊದಲ ಪತಿಗೆ ಮರಳಿಸುವುದಕ್ಕೆಂದೇ ಹೂಡುವ ತಾತ್ಕಾಲಿಕ ವಿವಾಹವನ್ನು ಹದೀಸ್ ಕಟುವಾಗಿ ಖಂಡಿಸುತ್ತದೆ.

ಪಠ್ಯದ ಈ ನಿಧಾನಗತಿಯನ್ನು ಪಂಥಗಳ ಶಾಸ್ತ್ರ ಕುಗ್ಗಿಸಿತು. ಒಂದೇ ಉಸಿರಿನಲ್ಲಿ ಹೇಳಿದ ಮೂರು ತಲಾಖನ್ನು ಪಾಪವೆಂದು ಪರಿಗಣಿಸಿದವರೂ ಅದನ್ನು ಸಿಂಧುವೆಂದೇ ಒಪ್ಪಿದರು. ನಾಲ್ಕೂ ಸುನ್ನಿ ಪಂಥಗಳ ಪ್ರಬಲ ಅಭಿಪ್ರಾಯ ಇದೇ. 1328ರಲ್ಲಿ ನಿಧನರಾದ ಇಬ್ನ್ ತೈಮಿಯ್ಯಾ ಅಂತಹವರು ಅದನ್ನು ಒಂದೇ ತಲಾಖ್ ಎಂದು ಎಣಿಸಬೇಕೆಂದು ವಾದಿಸಿದ್ದರು. ಹೀಗೆ ಭಿನ್ನಮತ ಪರಂಪರೆಯೊಳಗೇ ಇತ್ತು.

ಹನಫಿ ಶಾಸ್ತ್ರದಲ್ಲಿ ಪತಿಯ ಒಪ್ಪಿಗೆಯಿಲ್ಲದೆ ಪತ್ನಿ ಬಿಡುಗಡೆ ಪಡೆಯುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪಂಜಾಬಿನ ಕೆಲವು ಮಹಿಳೆಯರು ಈ ಇಕ್ಕಟ್ಟಿನಿಂದ ಪಾರಾಗಲು ಧರ್ಮವನ್ನೇ ತ್ಯಜಿಸಿದರು. ಮತತ್ಯಾಗದಿಂದ ವಿವಾಹ ತಾನಾಗಿಯೇ ರದ್ದಾಗುತ್ತಿತ್ತು. ಇದರಿಂದ ಎಚ್ಚೆತ್ತ ದೇವಬಂದ್ ಪರಂಪರೆಯ ವಿದ್ವಾಂಸ ಅಶ್ರಫ್ ಅಲಿ ಥಾನವಿ ಅವರು 1930ರ ದಶಕದಲ್ಲಿ, ಹೆಚ್ಚು ಉದಾರವಾದ ಮಾಲಿಕಿ ಪಂಥದ ನಿಯಮಗಳನ್ನು ಈ ವಿಷಯದಲ್ಲಿ ಸ್ವೀಕರಿಸಬಹುದೆಂದು ಅಭಿಪ್ರಾಯ ನೀಡಿದರು. ಈ ಹಿನ್ನೆಲೆಯಲ್ಲಿಯೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆ ಬಂದಿತು. ಪತಿ ನಾಲ್ಕು ವರ್ಷ ನಾಪತ್ತೆಯಾಗಿರುವುದು, ಎರಡು ವರ್ಷ ಜೀವನಾಂಶ ನೀಡದಿರುವುದು, ಕ್ರೌರ್ಯ, ಹಲವು ಪತ್ನಿಯರಲ್ಲಿ ಸಮಾನವಾಗಿ ನಡೆದುಕೊಳ್ಳದಿರುವುದು ಮುಂತಾದ ಕಾರಣಗಳ ಮೇಲೆ ಪತ್ನಿ ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆಯಬಹುದಾಯಿತು. ಅದೇ ಕಾಯಿದೆಯು ಮತತ್ಯಾಗದಿಂದಲೇ ವಿವಾಹ ರದ್ದಾಗದೆಂದು ಹೇಳಿ ಹಳೆಯ ಬಾಗಿಲನ್ನು ಮುಚ್ಚಿತು. ಖೌಲಾಳ ಪ್ರಸಂಗದಲ್ಲಿರುವಂತೆ ಇಲ್ಲಿಯೂ ವಿಧಿ ಹುಟ್ಟಿದ್ದು ಹೆಣ್ಣಿನ ಸಂಕಟದ ಒತ್ತಡದಿಂದ. ವಿದ್ವಾಂಸರು ಓಗೊಟ್ಟದ್ದು ಮಾತ್ರ ಹೆಣ್ಣು ಧರ್ಮದ ಹೊಸ್ತಿಲು ದಾಟಿದ ಮೇಲೆ.

ಸ್ವಾತಂತ್ರ್ಯಾನಂತರದ ಬೆಳವಣಿಗೆಗಳು ಸುಪರಿಚಿತ. ಇಂದೋರಿನ ಶಾ ಬಾನು 1978ರಲ್ಲಿ ವಿಚ್ಛೇದಿತರಾದರು. ಮಧ್ಯಪ್ರದೇಶ ಉಚ್ಚ ನ್ಯಾಯಾಲಯ ಅವರಿಗೆ ನಿಗದಿಪಡಿಸಿದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಿರೋಧಕ್ಕೆ ಮಣಿದು ಬಂದ 1986ರ ಕಾಯಿದೆಯು ಪತಿಯ ಹೊಣೆಯನ್ನು ಇದ್ದತ್ ಅವಧಿಗೆ ಸೀಮಿತಗೊಳಿಸುವಂತೆ ಕಂಡಿತು. 2001ರ ಡೇನಿಯಲ್ ಲತೀಫಿ ಪ್ರಕರಣದಲ್ಲಿ ನ್ಯಾಯಾಲಯವು, ಇದ್ದತ್ ಅವಧಿಯೊಳಗೆ ನೀಡಬೇಕಾದ ನ್ಯಾಯಯುತ ಏರ್ಪಾಡು ಆಕೆಯ ಮುಂದಿನ ಜೀವನಕ್ಕೂ ಸಾಲುವಂತಿರಬೇಕೆಂದು ಅರ್ಥೈಸಿತು. ತ್ರಿವಳಿ ತಲಾಖನ್ನು 2017ರ ಆಗಸ್ಟ್ 22ರಂದು 3:2ರ ಬಹುಮತದಿಂದ ಅಸಿಂಧುಗೊಳಿಸಲಾಯಿತು. ಬಹುಮತದ ಮೂವರಲ್ಲಿ ಇಬ್ಬರು ಅದು ಸಮಾನತೆಯ ಮೂಲಭೂತ ಹಕ್ಕಿಗೆ ವಿರುದ್ಧವೆಂದರೆ, ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಅದು ಕುರಾನಿಗೇ ವಿರುದ್ಧವೆಂದರು ಎಂಬುದು ಗಮನಾರ್ಹ. 2019ರ ಕಾಯಿದೆ ಅದನ್ನು ಮೂರು ವರ್ಷಗಳವರೆಗಿನ ಶಿಕ್ಷೆಗೆ ಅರ್ಹವಾದ ಅಪರಾಧವಾಗಿಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿಯಲ್ಲಿಯೂ ಜೀವನಾಂಶ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 10ರಂದು ಸ್ಪಷ್ಟಪಡಿಸಿತು.

5. ಚಂದ್ರಗಿರಿಯ ತೀರದಲ್ಲಿ: ಒಪ್ಪಿಗೆ ಎಂಬ ಸಮಸ್ಯೆ

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು ಅನಂತರ ಪುಸ್ತಕರೂಪ ಪಡೆಯಿತು. ಕಾಸರಗೋಡಿನ ಪರಿಸರದ ನಾದಿರಾ ಪತಿ ರಶೀದನೊಂದಿಗೆ ನೆಮ್ಮದಿಯಿಂದಿದ್ದವಳು. ಹಣದ ವಿಚಾರದಲ್ಲಿ ಅಳಿಯನ ಮೇಲೆ ಮುನಿದ ತಂದೆ ಮಹಮ್ಮದ್ ಖಾನ್ ಆಕೆಯನ್ನು ತವರಿನಲ್ಲಿ ಉಳಿಸಿಕೊಳ್ಳುತ್ತಾನೆ. ಅವನ ಹಠದ ಫಲವಾಗಿ ತಲಾಖ್ ನಡೆಯುತ್ತದೆ. ದಂಪತಿ ಮತ್ತೆ ಒಂದಾಗಬಯಸಿದಾಗ ಬೇರೊಬ್ಬನೊಡನೆ ಒಂದು ರಾತ್ರಿಯ ವಿವಾಹದ ನಿಯಮ ಎದುರಾಗುತ್ತದೆ. ನಾದಿರಾ ಅದಕ್ಕೆ ದೇಹವೊಡ್ಡುವ ಬದಲು ನೀರಿಗೆ ಶರಣಾಗುತ್ತಾಳೆ.

ಈ ಕಾದಂಬರಿಯನ್ನು ತಲಾಖಿನ ವಿರುದ್ಧದ ಕೃತಿ ಎಂದಷ್ಟೇ ಓದಿದರೆ ಅದರ ಮುಖ್ಯ ಒಳನೋಟ ಕೈತಪ್ಪುತ್ತದೆ. ಇಲ್ಲಿ ದಾಂಪತ್ಯವನ್ನು ಮುರಿಯುವ ಶಕ್ತಿ ಪತಿಯಲ್ಲ, ತಂದೆ. ಕರಾವಳಿಯ ಬ್ಯಾರಿ ಮತ್ತು ಮಾಪಿಳ್ಳೆ ಸಮುದಾಯಗಳು ಬಹುತೇಕ ಶಾಫಿ ಪಂಥವನ್ನು ಅನುಸರಿಸುತ್ತವೆ. ಹಳೆಯ ಮೈಸೂರು ಭಾಗದ ಉರ್ದು ಭಾಷಿಕರು ಹನಫಿಗಳು. ಹನಫಿ ಶಾಸ್ತ್ರದಲ್ಲಿ ಪ್ರೌಢ ಹೆಣ್ಣು ತನ್ನ ವಿವಾಹವನ್ನು ತಾನೇ ನಿಶ್ಚಯಿಸಬಹುದು. ಶಾಫಿ ಶಾಸ್ತ್ರದಲ್ಲಿ ವಲಿ, ಅಂದರೆ ಪೋಷಕ ಪುರುಷನಿಲ್ಲದೆ ವಿವಾಹ ಸಿಂಧುವಲ್ಲ. ಕನ್ಯೆಯನ್ನು ಆಕೆಯ ಸ್ಪಷ್ಟ ಸಮ್ಮತಿಯಿಲ್ಲದೆಯೂ ವಿವಾಹ ಮಾಡಿಕೊಡುವ ಅಧಿಕಾರವನ್ನು ಅದು ತಂದೆಗೆ ನೀಡುತ್ತದೆ. ಮಹಮ್ಮದ್ ಖಾನನ ಯಾಜಮಾನ್ಯವು ಕೇವಲ ಸ್ವಭಾವದೋಷವಲ್ಲ, ಅದಕ್ಕೆ ಶಾಸ್ತ್ರದ ನೆರಳೂ ಇದೆ. ಒಮ್ಮೆ ವಿವಾಹವಾದವಳ ಮರುವಿವಾಹಕ್ಕಾದರೋ ಶಾಫಿ ಶಾಸ್ತ್ರವೂ ಆಕೆಯ ಒಪ್ಪಿಗೆಯನ್ನು ಕಡ್ಡಾಯವಾಗಿ ಕೇಳುತ್ತದೆ. ನಾದಿರಾಳ ಬದುಕಿನ ವಿಪರ್ಯಾಸವಿರುವುದು ಇಲ್ಲಿಯೇ. ಆಕೆಗೆ ಇಷ್ಟವಿದ್ದ ಸಂಬಂಧ ಮುರಿಯುವಾಗ ಯಾರೂ ಆಕೆಯನ್ನು ಕೇಳುವುದಿಲ್ಲ. ಆಕೆಗೆ ಅಸಹ್ಯವಾದ ಸಂಬಂಧಕ್ಕೆ ಮಾತ್ರ ಆಕೆಯ ಒಪ್ಪಿಗೆ ಬೇಕಾಗುತ್ತದೆ. ಆಯ್ಕೆಯೇ ಇಲ್ಲದ ಕಡೆ ಕೇಳುವ ಒಪ್ಪಿಗೆಯು ಒಪ್ಪಿಗೆಯೆನಿಸದು. ಮರಣದ ಮೂಲಕ ನಾದಿರಾ ಅದನ್ನು ಹಿಂದೆಗೆದುಕೊಳ್ಳುತ್ತಾಳೆ.

ಪುರುಷನನ್ನು ತಡೆಯಲು ಇದ್ದ ನಿಯಮ ಇಲ್ಲಿ ಹೆಣ್ಣಿನ ದಂಡನೆಯಾಗಿ ತಿರುಗಿರುವುದೂ ಗಮನಾರ್ಹ. ತ್ರಿವಳಿ ತಲಾಖೇ ಅಸಿಂಧುವಾಗಿರುವ 2017ರ ನಂತರದ ಸಂದರ್ಭದಲ್ಲಿ ಒಂದೇ ಉಸಿರಿನ ತಲಾಖಿನ ಮೇಲೆ ಇಂತಹ ಮರುವಿವಾಹವನ್ನು ಹೇರಲು ಕಾನೂನಿನ ಆಧಾರವಿಲ್ಲ. ಆದರೆ ನಾದಿರಾಳನ್ನು ಕೊಂದದ್ದು ಕಾನೂನೊಂದೇ ಅಲ್ಲ. ಜಮಾತಿನ ಮಾನ್ಯತೆ ಇಲ್ಲದ ಸಂಸಾರವನ್ನು ಊರು ಒಪ್ಪುವುದಿಲ್ಲವೆಂಬ ಭೀತಿ ನ್ಯಾಯಾಲಯದ ತೀರ್ಪಿನಿಂದ ತಾನಾಗಿಯೇ ಇಲ್ಲವಾಗುವುದಿಲ್ಲ.

6. ಬಾನು ಮುಷ್ತಾಕ್: ಮಸೀದಿಯ ಅಂಗಳದ ಹೆಣ್ಣು

ವೃತ್ತಿಯಿಂದ ವಕೀಲರಾದ ಬಾನು ಮುಷ್ತಾಕ್ ಬಂಡಾಯ ಸಾಹಿತ್ಯ ಚಳವಳಿಯ ಹಿನ್ನೆಲೆಯಿಂದ ಬಂದವರು. 2004ರಲ್ಲಿ ಗಿರೀಶ್ ಕಾಸರವಳ್ಳಿ ಅವರ 'ಹಸೀನಾ' ಚಿತ್ರಕ್ಕೆ ಆಧಾರವಾದ 'ಕರಿನಾಗರಗಳು' ಕಥೆಯಲ್ಲಿ ಪತಿ ತಲಾಖ್ ನೀಡುವುದಿಲ್ಲ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಪತ್ನಿಯನ್ನು ಕೈಬಿಡುತ್ತಾನೆ. ಈ ವ್ಯತ್ಯಾಸ ಮುಖ್ಯವಾದುದು. ತಲಾಖನ್ನು ಕುರಿತ ಯಾವ ಸುಧಾರಣೆಯೂ ಇವಳನ್ನು ತಲುಪುವುದಿಲ್ಲ. ಇವಳು ಕುರಾನ್ ಹೇಳುವ ತೂಗುಬಿಟ್ಟ ಹೆಣ್ಣು. ಕಾಯಿಲೆಯ ಮಗುವಿನೊಂದಿಗೆ ಇವಳು ನ್ಯಾಯ ಕೇಳುವುದು ಮುತವಲ್ಲಿಯನ್ನು. ಶಾಸ್ತ್ರದಲ್ಲಿ ನಿನಗೆ ಹಕ್ಕಿದೆ ಎಂದು ಓದು ಬಲ್ಲ ಹೆಣ್ಣೊಬ್ಬಳು ತಿಳಿಸಿಕೊಡುತ್ತಾಳೆ. ಆದರೆ ಶಾಸ್ತ್ರದ ಕೀಲಿಕೈ ಮುತವಲ್ಲಿಯ ಬಳಿಯಿದೆ. ಅವನು ಸಬೂಬು ಹೇಳುತ್ತ ಕಾಲ ತಳ್ಳುತ್ತಾನೆ. ಮಸೀದಿಯಲ್ಲಿ ನ್ಯಾಯಕ್ಕಾಗಿ ಕುಳಿತವಳಿಗೆ ಕೊನೆಗೆ ದಕ್ಕುವುದು ಮಗುವಿನ ಸಾವು.

1939ರ ಕಾಯಿದೆಯ ಪ್ರಕಾರ ಈ ಹೆಣ್ಣಿಗೆ ವಿಚ್ಛೇದನದ ಹಕ್ಕಿದೆ. ಜೀವನಾಂಶದ ಹಕ್ಕೂ ಇದೆ. ಆಕೆ ನ್ಯಾಯಾಲಯಕ್ಕೆ ಹೋಗದೆ ಮಸೀದಿಗೆ ಏಕೆ ಹೋಗುತ್ತಾಳೆ ಎಂಬ ಪ್ರಶ್ನೆಗೆ ಬಡತನ ಒಂದು ಉತ್ತರ ಮಾತ್ರ. ಆಕೆ ಬಯಸುವುದು ಬಿಡುಗಡೆಯನ್ನಲ್ಲ, ಮಗುವಿಗೆ ಔಷಧಿಯನ್ನು ಮತ್ತು ತನ್ನ ಸಮುದಾಯ ತನ್ನನ್ನು ನ್ಯಾಯಕ್ಕೆ ಅರ್ಹಳೆಂದು ಎಣಿಸುವುದನ್ನು. ಖೌಲಾಳ ದೂರಿಗೆ ಕಿವಿಗೊಟ್ಟ ಪರಂಪರೆಯ ಹೆಸರಿನಲ್ಲಿಯೇ ಇವಳ ದೂರನ್ನು ಕೇಳಿಸಿಕೊಳ್ಳದಿರುವುದು ಕಥೆಯ ತೀಕ್ಷ್ಣ ವಿಮರ್ಶೆ. ಕೊನೆಯಲ್ಲಿ ಬೀದಿಯ ಹೆಂಗಸರು ಮುತವಲ್ಲಿಗೆ ಹಾಕುವ ಶಾಪವು ಅನ್ಯಾಯವನ್ನು ಪ್ರಶ್ನಿಸಲು ಸಂಸ್ಥೆಯಿಲ್ಲದವರು ಕಂಡುಕೊಂಡ ತೀರ್ಪು.

'ಎದೆಯ ಹಣತೆ' ಕಥೆಯ ಮೆಹರುನ್, ಪತಿ ಪರಸ್ತ್ರೀಯ ಪಾಲಾದಾಗ ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆಗೆ ಅಂಜಿದ ಅಣ್ಣತಮ್ಮಂದಿರು ಆಕೆಯನ್ನು ಮರಳಿ ಅಲ್ಲಿಗೇ ಬಿಟ್ಟುಬರುತ್ತಾರೆ. ಕುಟುಂಬದ ಮಧ್ಯಸ್ಥಗಾರರು ಎಂಬ ಕುರಾನಿನ ಏರ್ಪಾಡು ಇಲ್ಲಿ ಹೆಣ್ಣನ್ನು ಸಾವಿನ ಅಂಚಿಗೆ ತಳ್ಳುವ ಏರ್ಪಾಡಾಗುತ್ತದೆ. ಸೀಮೆಎಣ್ಣೆ ಸುರಿದುಕೊಂಡ ಆಕೆಯನ್ನು ತಡೆಯುವವಳು ಮಗಳು. ತಾಯಿಯ ಮೊರೆಗೆ ಓಗೊಟ್ಟ ಏಕೈಕ ಕಿವಿ ಆ ಎಳೆಯ ಹುಡುಗಿಯದು. 'ಒಮ್ಮೆ ಹೆಣ್ಣಾಗು ಪ್ರಭುವೇ' ಕಥೆಯಲ್ಲಿ ಮೊರೆಯು ನೇರವಾಗಿ ಸೃಷ್ಟಿಕರ್ತನಿಗೇ ಸಲ್ಲುತ್ತದೆ. ಇದನ್ನು ಧರ್ಮನಿಂದೆಯೆಂದು ಓದುವುದಕ್ಕಿಂತ, ಮಧ್ಯವರ್ತಿಗಳೆಲ್ಲ ವಿಫಲರಾದಾಗ ವಾದಿಸುವ ಹೆಣ್ಣು ಮೂಲ ಸ್ಥಾನಕ್ಕೇ ದೂರು ಒಯ್ದ ಬಗೆಯೆಂದು ಓದುವುದು ಹೆಚ್ಚು ಸಮಂಜಸ. ಆ ಅರ್ಥದಲ್ಲಿ ಈ ಕಥೆ 58ನೆಯ ಅಧ್ಯಾಯದ ಪ್ರಸಂಗಕ್ಕೆ ಅನ್ಯವಲ್ಲ, ಹತ್ತಿರದ್ದು.

ಲೇಖಕಿಯ ಬದುಕಿಗೂ ಇದು ಹೊರತಲ್ಲ. ಮಸೀದಿಗೆ ಸ್ತ್ರೀಯರ ಪ್ರವೇಶದ ಹಕ್ಕನ್ನು ಬೆಂಬಲಿಸಿದ ಕಾರಣಕ್ಕೆ 2000ದಲ್ಲಿ ಬಾನು ಮುಷ್ತಾಕ್ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಬೇಕಾಯಿತು. ದೀಪಾ ಭಾಸ್ತಿ ಅನುವಾದಿಸಿದ ಅವರ 12 ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಜಗತ್ತು ಆ ಮೊರೆಯನ್ನು ಆಲಿಸಿದ್ದು ಸಂತಸದ ಸಂಗತಿ. ಆದರೆ ಅದನ್ನು ಮೊದಲು ಆಲಿಸಬೇಕಾಗಿದ್ದುದು ಊರಿನ ಜಮಾತು.

7. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕುರಾನಿನಲ್ಲಿ ಸ್ತ್ರೀಗೆ ಆಸ್ತಿ, ಮೆಹರ್ ಹಾಗೂ ಬಿಡುಗಡೆಯ ಹಕ್ಕುಗಳಿವೆ. ಜೊತೆಗೆ ಪುರುಷನಿಗೆ ಒಂದು ಮೆಟ್ಟಿಲು ಮೇಲಿನ ಸ್ಥಾನವನ್ನು ಹೇಳುವ ಸೂಕ್ತವೂ ಇದೆ (2:228). ಎರಡರಲ್ಲಿ ಒಂದನ್ನು ಮರೆಮಾಚಿ ನಡೆಸುವ ಓದು ಪ್ರಾಮಾಣಿಕವೆನಿಸದು. ಆಮಿನಾ ವದೂದ್, ಫಾತಿಮಾ ಮರ್ನಿಸ್ಸಿ, ಅಸ್ಗರ್ ಅಲಿ ಇಂಜಿನಿಯರ್ ಮೊದಲಾದ ಚಿಂತಕರು ಇಂತಹ ಪಠ್ಯಗಳನ್ನು ಅವುಗಳ ಚಾರಿತ್ರಿಕ ಸಂದರ್ಭದಲ್ಲಿಟ್ಟು ಮರುವ್ಯಾಖ್ಯಾನಿಸಲು ಯತ್ನಿಸಿದ್ದಾರೆ. ಅಂತಹ ಮರುವ್ಯಾಖ್ಯಾನ ಅಗತ್ಯವಾದರೂ ಅದಷ್ಟೇ ಸಾಲದೆಂಬುದನ್ನು ಕನ್ನಡದ ಕಥನ ತೋರಿಸಿಕೊಡುತ್ತದೆ. ಹಕ್ಕನ್ನು ಅರ್ಥೈಸುವ, ವಿಧಿಸುವ, ತೀರ್ಪು ನೀಡುವ ಸ್ಥಾನಗಳಲ್ಲೆಲ್ಲ ಪುರುಷರೇ ಇರುವವರೆಗೆ, ಅತ್ಯುತ್ತಮ ವಿಧಿಯೂ ಹೆಣ್ಣಿನ ಪಾಲಿಗೆ ಭಿಕ್ಷೆಯಾಗಿಯೇ ಉಳಿಯುತ್ತದೆ.

ಕನ್ನಡ ವಿಮರ್ಶೆಯು ಈ ಕೃತಿಗಳನ್ನು 'ಮುಸ್ಲಿಂ ಸಂವೇದನೆ'ಯ ಕೃತಿಗಳೆಂದು ವರ್ಗೀಕರಿಸಿ ಪಕ್ಕಕ್ಕಿಡುವ ರೂಢಿಯಿಂದ ಹೊರಬರಬೇಕಾಗಿದೆ. ಇವು ಪರಿಚಯಾತ್ಮಕ ದಾಖಲೆಗಳಲ್ಲ, ನ್ಯಾಯದ ಸ್ವರೂಪವನ್ನು ಕುರಿತ ವಾದಗಳು. ಪರಂಪರೆಯನ್ನು ಪೂರ್ತಿ ತಿರಸ್ಕರಿಸದೆ, ಅದಕ್ಕೆ ತಲೆಬಾಗಿಯೂ ನಿಲ್ಲದೆ, ಅದು ಒಮ್ಮೆ ಹೆಣ್ಣೊಬ್ಬಳ ಮಾತನ್ನು ಆಲಿಸಿತ್ತೆಂಬುದನ್ನು ಅದಕ್ಕೇ ನೆನಪಿಸುವುದು ಈ ಕಥನದ ವೈಶಿಷ್ಟ್ಯ. ನಾದಿರಾಳ ಮೌನ, ಮಸೀದಿಯ ಅಂಗಳದ ತಾಯಿಯ ದೂರು, ದೇವರನ್ನೇ ಪ್ರಶ್ನಿಸುವ ಹೆಣ್ಣಿನ ದನಿ ಇವೆಲ್ಲವನ್ನೂ ಆ ವಾದದ ಮುಂದುವರಿದ ಭಾಗಗಳೆಂದು ಓದಿದಾಗ ಮಾತ್ರ ಇಸ್ಲಾಮಿನಲ್ಲಿ ಸ್ತ್ರೀಯ ಸ್ಥಾನಮಾನವನ್ನು ಕುರಿತ ಚರ್ಚೆಯಲ್ಲಿ ಸ್ತ್ರೀಗೆ ನಿಜವಾದ ಸ್ಥಾನ ದೊರೆತಂತಾಗುತ್ತದೆ.